ಸರ್ಕಾರವನ್ನು ಜೋಡಿಸುವ ಪ್ಲಾಸ್ಟಿಕ್ ಚೀಲ

ಸರ್ಕಾರಕ್ಕೂ ವಾಸ್ತು ಹೇಳುವ ಪಂಡಿತರಿದ್ದಾರೆ. ಅವರ ಶಾಸ್ತ್ರದ ಹೆಸರು ಎಂಟರ್‌ಪ್ರೈಸ್ ಆರ್ಕಿಟೆಕ್ಚರ್, ಗ್ರಂಥದ ಹೆಸರು ಟೋಗಾಫ್. ಅಮೆರಿಕದ ರಕ್ಷಣಾ ಇಲಾಖೆ ತನ್ನ ಕಂಪ್ಯೂಟರುಗಳನ್ನು ಹದ್ದುಬಸ್ತಿಗೆ ತರಲು ಮಾಡಿಕೊಂಡಿದ್ದ ಪದ್ಧತಿಯನ್ನೇ ತಳಪಾಯವಾಗಿಸಿ 1995ರಲ್ಲಿ ಇದನ್ನು ಹೊರತಂದರು; ಈಗ ಇದನ್ನು ನೋಡಿಕೊಳ್ಳುವುದು ಓಪನ್ ಗ್ರೂಪ್ ಎಂಬ ಸಂಸ್ಥೆ. ನಮ್ಮ ವಾಸ್ತುವಿನಂತೆ ಇಲ್ಲೂ ದಿಕ್ಕುಗಳು ಎಂಟು, ಎ ಇಂದ ಎಚ್‌ವರೆಗೆ: ಕನಸು ಕಾಣುವುದು, ಕೆಲಸ ಹಂಚುವುದು, ಮಾಹಿತಿ ಜೋಡಿಸುವುದು, ಯಂತ್ರ ಆರಿಸುವುದು, ದಾರಿ ಹುಡುಕುವುದು, ಹಳತರಿಂದ ಹೊಸತಕ್ಕೆ ದಾಟುವುದು, ಕಾವಲಿರುವುದು, ಬದಲಾವಣೆಯನ್ನು ಸಂಭಾಳಿಸುವುದು. ನಟ್ಟನಡುವಿನ ಬ್ರಹ್ಮಸ್ಥಾನದಲ್ಲಿ ‘ಅಗತ್ಯಗಳು’ ಅಂತ ಬರೆದಿರುತ್ತದೆ. ಬ್ರಹ್ಮಸ್ಥಾನದಲ್ಲಿ ಏನನ್ನೂ ಇಡಬಾರದು ಎಂಬ ನಿಯಮವನ್ನು ನಮ್ಮವರು ಅಲ್ಲೂ ನಿಷ್ಠೆಯಿಂದ ಪಾಲಿಸಿದ್ದಾರೆ.

2018ರಲ್ಲಿ ಕೇಂದ್ರ ಸರ್ಕಾರವೂ ಇದೇ ನೆರಳಲ್ಲಿ ‘ಇಂಡಿಯಾ’ ಎಂದೇ ಕೇಳಿಸುವ ಇಂಡ್‌ಇಎ ಎಂಬ ಚೌಕಟ್ಟು ಕಟ್ಟಿತು. ಜನರಿಗೆ ನೂರೆಂಟು ಇಲಾಖೆಗಳು ಕಾಣಬಾರದು, ಒಂದೇ ಸರ್ಕಾರ ಕಾಣಬೇಕು ಎಂಬುದು ಅದರ ಆಸೆ. ಅದರಲ್ಲಿರುವ ಎಂಟು ಮಾದರಿಗಳ ಪೈಕಿ ಒಂದರ ಹೆಸರು ಇಂಟಿಗ್ರೇಶನ್, ಅಂದರೆ ಇಲಾಖೆಯಿಂದ ಇಲಾಖೆಗೆ ಮಾಹಿತಿ ತಾನೇ ಹರಿದು ಹೋಗುವ ವ್ಯವಸ್ಥೆ. ದಿಲ್ಲಿಯಲ್ಲಿ ಅದೊಂದು ಅಧ್ಯಾಯ. ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಅದು ಬೀಜದಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲ.

ಚೀಲ ಬಿಚ್ಚಿ ನೋಡಿ. ಉತಾರ ಎನ್ನುವ ಪಹಣಿ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ-ಆದಾಯ ಪ್ರಮಾಣಪತ್ರ, ವಂಶಾವಳಿ, ಅಪ್ಪನ ಮರಣ ಪ್ರಮಾಣಪತ್ರ, ಎರಡು ಫೋಟೊ. ಎಲ್ಲದಕ್ಕೂ ಮೂರು ಮೂರು ಝೆರಾಕ್ಸ್. ಇವುಗಳಲ್ಲಿ ಬಹುಪಾಲು ಸರ್ಕಾರವೇ ಮುದ್ರಿಸಿ ಕೊಟ್ಟದ್ದು, ಮತ್ತೆ ಸರ್ಕಾರಕ್ಕೇ ತೋರಿಸಬೇಕಾದದ್ದು. ಸರ್ಕಾರದ ತಂತ್ರಾಂಶಗಳೋ ಒಂದೊಂದು ಕೆಲಸಕ್ಕೆ ಒಂದೊಂದು: ನೋಂದಣಿ ಕಾವೇರಿಯಲ್ಲಿ, ಅಳತೆ ಮೋಜಿಣಿಯಲ್ಲಿ, ಹೊಲ ಭೂಮಿಯಲ್ಲಿ, ಊರೊಳಗಿನ ಮನೆ ಇ-ಸ್ವತ್ತಿನಲ್ಲಿ, ಮನೆಮಂದಿ ಕುಟುಂಬದಲ್ಲಿ, ರೈತ ಮಾತ್ರ ಫ್ರೂಟ್ಸ್‌ನಲ್ಲಿ. ಕಾವೇರಿಗೂ ಭೂಮಿಗೂ ನಡುವೆ, ಇನ್ನೂ ಕೆಲವು ಕಡೆ ತಂತಿ ಎಳೆದಿದ್ದಾರೆ, ನಿಜ. ಉಳಿದ ಕಡೆ ತಂತಿಯ ಕೆಲಸವನ್ನು ರಾಣೇಬೆನ್ನೂರು ಬಸ್ಸು ಮಾಡುತ್ತಿದೆ.

ಮೂರನೆಯ ದಿಕ್ಕು, ಮಾಹಿತಿ, ಎಲ್ಲಕ್ಕಿಂತ ರಸಭರಿತ. ದೇವರಗುಡ್ಡದ ಮಾಲತೇಶನಿಗೆ ನಡೆದುಕೊಳ್ಳುವ ಸೀಮೆ ಇದು, ಮನೆಗೊಬ್ಬ ಮಾಲತೇಶ ಸಿಕ್ಕಾನು. ಅವನು ಉತಾರದಲ್ಲಿ ಮಾಲತೇಶಪ್ಪ, ಆಧಾರಿನಲ್ಲಿ ಮಾಲ್ತೇಶ, ರೇಷನ್ ಕಾರ್ಡಿನಲ್ಲಿ ಮಾಲತೇಸ, ಪಾಸ್‌ಬುಕ್ಕಿನಲ್ಲಿ ಬರೀ ಎಂ. ಕೌಂಟರಿನ ಎದುರು ನಿಂತಾಗ ಮಾತ್ರ ಒಬ್ಬನೇ.

“ಯಜಮಾನ್ರ, ಉತಾರದಾಗ ಒಂದೈತಿ, ಆಧಾರದಾಗ ಒಂದೈತಿ. ಮ್ಯಾಚ್ ಆಗವಲ್ದು.”

“ಎರಡೂ ನಾನ ಅದೇನಿ ತಮ್ಮಾ.”

“ಅದು ನಂಗೊತ್ತೈತ್ರಿ. ಕಂಪ್ಯೂಟರಿಗೆ ಗೊತ್ತಿಲ್ಲ. ಇಬ್ರೂ ಒಬ್ರ ಅಂತ ಬಾಂಡಿನ ಮ್ಯಾಲ ಬರಿಸ್ಕೊಂಡ್ ಬರ್ರಿ.”

ಪಂಡಿತರ ಭಾಷೆಯಲ್ಲಿ ಇದಕ್ಕೆ ಗ್ಯಾಪ್ ಅನಾಲಿಸಿಸ್ ಅನ್ನುತ್ತಾರೆ. ಇದ್ದದ್ದಕ್ಕೂ ಇರಬೇಕಾದ್ದಕ್ಕೂ ನಡುವಿನ ಅಂತರ ಅಳೆಯುವುದು. ಬೆಂಗಳೂರಿನಲ್ಲಿ ಅಂತರ ಅಳೆದವನಿಗೆ ಫೀಸು ಸಿಗುತ್ತದೆ, ಮೇಡ್ಲೇರಿಯಲ್ಲಿ ಅಂತರದಲ್ಲಿ ಬಿದ್ದವನೇ ನೋಟರಿಗೆ ಫೀಸು ಕಟ್ಟುತ್ತಾನೆ. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಮಾತೇ ಬೇರೆ: ಅಜ್ಜನಿಗೆ ಆಧಾರ್ ಇಲ್ಲ, ಆಧಾರ್ ಇರುವ ಮೊಮ್ಮಗನಿಗೆ ಉತಾರವಿಲ್ಲ.

ಇದು ಕೇವಲ ನಗೆಯ ವಿಷಯವಲ್ಲ ಅಂತ 2023ರ ಬರಗಾಲ ತೋರಿಸಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಬೆಳೆ ಒಣಗಿದ್ದು ಕಣ್ಣಿಗೆ ಕಾಣುತ್ತಿತ್ತು. ಪರಿಹಾರಕ್ಕೆ ಮಾತ್ರ ಫ್ರೂಟ್ಸ್‌ನಲ್ಲಿ ಹೊಲದ ಸರ್ವೆ ನಂಬರು ಕಾಣಬೇಕಿತ್ತು. ಮಳೆ ಹೋದ ಮೇಲೆ ನೋಂದಣಿಯ ಸುಗ್ಗಿ ನಡೆಯಿತು. ನಿಮ್ಮ ಜಮೀನಿನ ವಿವರ ಸೇರಿಸಿಕೊಳ್ಳಿ ಎಂದು ಸರ್ಕಾರ ರೈತರಿಗೆ ದುಂಬಾಲು ಬಿತ್ತು. ಅಷ್ಟೂ ಹೊಲಗಳ ವಿವರ ಅದೇ ಸರ್ಕಾರದ ಭೂಮಿಯಲ್ಲಿ ವರ್ಷಗಳಿಂದ ಕೂತಿತ್ತು. ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಫೈಲು ಹೋಗಲು ರೈತ ಹೆಬ್ಬೆಟ್ಟು ಒತ್ತಬೇಕಾಯಿತು. ಕೊನೆಗೆ ಮೊದಲ ಕಂತೆಂದು ಬಂದದ್ದು ಹೆಚ್ಚೆಂದರೆ 2,000 ರೂಪಾಯಿ.

ಹಾಗಂತ ನಮ್ಮವರಿಗೆ ಕಟ್ಟಲು ಬರುವುದಿಲ್ಲ ಅನ್ನುವಂತಿಲ್ಲ. ಇಂಡ್‌ಇಎ ಹುಟ್ಟುವ ಎಷ್ಟೋ ವರ್ಷ ಮೊದಲೇ ಇದೇ ರಾಜ್ಯ ಭೂಮಿ ಯೋಜನೆ ಮಾಡಿತು. ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ತಲಾಟಿಯ ಮನೆ ಬಾಗಿಲಲ್ಲಿ ಕಾಯುತ್ತಿದ್ದವರು ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಉತಾರ ಪಡೆದರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ಯಾರದೋ ಚೀಟಿ ನೋಡಿ ಹಿಂದಿನವನನ್ನು ಮುಂದಕ್ಕೆ ತರುವಂತಿಲ್ಲ ಅಂತ ತಂತ್ರಾಂಶದಲ್ಲೇ ಬಿಗಿ ಮಾಡಿದ್ದರು. ಆದರೆ ಅದರ ನಿಜವಾದ ಧೈರ್ಯ ಇನ್ನೊಂದು ಕಡೆ ಇತ್ತು. ಒಂದು ತಾಲೂಕಿನ ದಾಖಲೆ ಪೂರ್ತಿಯಾಯಿತೋ, ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಅಧಿಸೂಚನೆ ಹೊರಡಿಸಿದರು. ಹಳೆಯದಕ್ಕೆ ಅಂತ್ಯಸಂಸ್ಕಾರ ಮಾಡಿ ಹೊಸದಕ್ಕೆ ನಾಮಕರಣ ಮಾಡಿದರು.

ಆಮೇಲೆ ಬಂದವರು ನಾಮಕರಣವನ್ನಷ್ಟೇ ಕಲಿತರು. ಹೊಸ ಐಡಿ ಬರುತ್ತದೆ, ಹಳೆಯ ಕಾಗದ ಯಾವುದೂ ಹೋಗುವುದಿಲ್ಲ. ಎಂಟು ದಿಕ್ಕುಗಳಲ್ಲಿ ಆರನೆಯದು, ಹಳತನ್ನು ಯಾವತ್ತು ಬಂದ್ ಮಾಡಬೇಕು ಎಂದು ತಾರೀಕು ಗೊತ್ತುಮಾಡುವ ದಿಕ್ಕು, ನಮ್ಮಲ್ಲಿ ಗೋಡೆ ಕಟ್ಟಿ ಮುಚ್ಚಿಹೋಗಿದೆ. ಕಾಗದ ಕೇಳುವುದನ್ನು ಬಿಟ್ಟರೆ ಇಲಾಖೆಗೆ ಏನು ಕೆಲಸ, ಮುಂದೆ ಆಡಿಟ್ ಬಂದರೆ ಏನು ತೋರಿಸುವುದು ಎಂಬ ಭಯ ಯಾವ ವಾಸ್ತು ಪಂಡಿತನ ನಕ್ಷೆಯಲ್ಲೂ ಇಲ್ಲ. ಅಸಲಿಗೆ ಕಟ್ಟಡ ನಿಂತಿರುವುದೇ ಆ ಕಂಬದ ಮೇಲೆ.

ಯಂತ್ರದ ದಿಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸರ್ವರ್ ಇಲ್ಲ’ ಎಂಬ ಎರಡು ಪದದಲ್ಲಿ ಅದು ಮುಗಿಯುತ್ತದೆ. ಕಾವಲಿನ ದಿಕ್ಕಿಗೆ ಮಾತ್ರ ನನ್ನದೊಂದು ಸಲಹೆ: ಟೋಗಾಫ್ ಕೇಳುವ ಆರ್ಕಿಟೆಕ್ಚರ್ ಬೋರ್ಡಿಗೆ ಝೆರಾಕ್ಸ್ ಅಂಗಡಿಯವನನ್ನು ಅಧ್ಯಕ್ಷನಾಗಿ ನೇಮಿಸಿ. ಯಾವ ಇಲಾಖೆಗೆ ಯಾವ ಕಾಗದ, ಎಷ್ಟು ಪ್ರತಿ, ಯಾವುದಕ್ಕೆ ಅಟೆಸ್ಟೇಶನ್, ಈ ವಾರ ಹೊಸದಾಗಿ ಏನು ಸೇರಿದೆ ಎಂಬ ಇಡೀ ಸರ್ಕಾರದ ನಕ್ಷೆ ಇರುವುದು ಅವನೊಬ್ಬನ ತಲೆಯಲ್ಲಿ. ಪದ್ಧತಿಯೂ ಅವನದು ಪಕ್ಕಾ. ಮೊನ್ನೆ ಒಬ್ಬರು ಅಜ್ಜಾರು ಫ್ರೂಟ್ಸ್‌ನ ಎಫ್‌ಐಡಿ ನಂಬರು ಕೈಗೆ ಬಂದ ಖುಷಿಯಲ್ಲಿ, ಇನ್ನು ಕಾಗದ ಹೊರುವ ಕಾಟ ತಪ್ಪಿತಲ್ಲ ಅಂದರಂತೆ. ಅಂಗಡಿಯವ ಯಂತ್ರದ ಮುಚ್ಚಳ ಎತ್ತುತ್ತ ಕೇಳಿದನಂತೆ: “ಆ ಎಫ್‌ಐಡಿದ ಎಷ್ಟ್ ಕಾಪಿ ತಗಿಲಿ ಅಜ್ಜಾರ?”