ಬಳ್ಳಾರಿಗೆ ಹಡಗು, ಉಣಕಲ್ಲಿಗೆ ಉಳ್ಳಾಗಡ್ಡಿ

ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಯಾರ ಮನೆಯ ಮಗುವಾದರೂ ‘ಅರ್ಥಶಾಸ್ತ್ರ ಓದಿ ಹಣಕಾಸು ಮಂತ್ರಿ ಆಗ್ತೀನಿ’ ಅಂತ ಹಟ ಹಿಡಿದಿದ್ದರೆ, ಧಾರವಾಡಕ್ಕೆ ಚಿಗರಿ ಬಸ್ಸಿನ ಪಾಸು ಮಾಡಿಸುವ ಮುನ್ನ ಹೆತ್ತವರು ಸ್ವಲ್ಪ ವಿಚಾರ ಮಾಡಲಿ. ಪಾಸಿನ ರೊಕ್ಕ ದಂಡ.

ಅದೇ ಧಾರವಾಡದಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದ ಡಿ.ಎಂ. ನಂಜುಂಡಪ್ಪನವರು ರಾಜ್ಯದ 175 ತಾಲ್ಲೂಕುಗಳನ್ನು ಅಳೆದು ತೂಗಿ, 114 ಹಿಂದುಳಿದಿವೆ, ಎಂಟು ವರ್ಷದಲ್ಲಿ 31,000 ಕೋಟಿ ಹಾಕಿ ಎಂದು 2002ರಲ್ಲಿ ವರದಿ ಕೊಟ್ಟರು. ವರದಿಗೆ ಮರ್ಯಾದೆಯೇನೂ ಕಡಿಮೆಯಾಗಲಿಲ್ಲ. ಉತ್ತರ ಕರ್ನಾಟಕದ ಮೇಲೆ ಭಾಷಣ ಬಿಗಿಯುವವರೆಲ್ಲ ಅದರ ಹೆಸರೆತ್ತಿಯೇ ಎತ್ತುತ್ತಾರೆ. ಖಜಾನೆಯ ಕೀಲಿ ಮಾತ್ರ ಮುಖ್ಯಮಂತ್ರಿಗಳ ಸೊಂಟ ಬಿಟ್ಟು ಇಳಿಯುವುದು ಅಪರೂಪ. ವಕೀಲರಾದ ಸಿದ್ದರಾಮಯ್ಯ 2025ರಲ್ಲಿ 16ನೇ ಬಜೆಟ್ ಓದಿದರು. ಉಣಕಲ್ಲಿಗೆ ಕೂಗಳತೆಯ ಬಿವಿಬಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತ ಬಸವರಾಜ ಬೊಮ್ಮಾಯಿ ಎರಡು ಓದಿದರು. ಸಾಲದ ಎಂಜಿನ್ ಇಬ್ಬರ ಕೈಯಲ್ಲೂ ಚೆನ್ನಾಗೇ ಓಡಿತು.

ಹಾಗಾದರೆ ಓದಿದವರು ಚುನಾವಣೆಗೆ ನಿಲ್ಲಲಿ ಅಂತೀರಾ? ನಿಂತರಲ್ಲ, ವಿ.ಕೆ.ಆರ್.ವಿ. ರಾವ್! ದೇಶದ ರಾಷ್ಟ್ರೀಯ ವರಮಾನದ ಲೆಕ್ಕ ಹಾಕಿದವರು, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು 1967ರಲ್ಲಿ ಬಳ್ಳಾರಿಯ ಬಿಸಿಲಲ್ಲಿ ಮತ ಕೇಳಿ ಗೆದ್ದೇಬಿಟ್ಟರು. ಇಂದಿರಾ ಗಾಂಧಿ ಹಣಕಾಸನ್ನು ಮೊರಾರ್ಜಿಗೆ ಒಪ್ಪಿಸಿ, ಇವರಿಗೆ ಕೊಟ್ಟದ್ದು ಸಾರಿಗೆ ಮತ್ತು ಹಡಗು ಖಾತೆ. ಬಳ್ಳಾರಿ ಸಂಸದರಿಗೆ ಹಡಗು! ಆ ಜಿಲ್ಲೆ ತುಂಗಭದ್ರೆಯ ಹರಿಗೋಲಿಗಿಂತ ದೊಡ್ಡದನ್ನು ಕಂಡಿತ್ತೋ ಇಲ್ಲವೋ.

ಅಂದಮೇಲೆ ಸೂತ್ರ ಸರಳ: ಮತದಾರನ ಬಾಗಿಲಿಗೆ ಹೋಗಬಾರದು. 1991ರಲ್ಲಿ ಮನಮೋಹನ್ ಸಿಂಗ್ ಮೊದಲು ಹಣಕಾಸು ಮಂತ್ರಿಯಾದರು, ಆಮೇಲೆ ಅಸ್ಸಾಮಿನ ವಿಳಾಸದಲ್ಲಿ ರಾಜ್ಯಸಭೆ ಸೇರಿದರು. 1999ರಲ್ಲಿ ದಕ್ಷಿಣ ದೆಹಲಿಯ ಜನರ ಮುಂದೆ ನಿಂತು ಸೋತರು. 2003ರಲ್ಲಿ ಕಾನೂನೇ ತಿದ್ದುಪಡಿಯಾಗಿ, ರಾಜ್ಯಸಭೆಗೆ ಆಯಾ ರಾಜ್ಯದ ವಿಳಾಸ ಬೇಕೆಂಬ ತಾಪತ್ರಯವೂ ತಪ್ಪಿತು. ಹಾಗಾಗಿಯೇ ಮದುರೆಯಲ್ಲಿ ಹುಟ್ಟಿ, ಜೆಎನ್‌ಯುನಲ್ಲಿ ಅರ್ಥಶಾಸ್ತ್ರ ಓದಿ ಹಣಕಾಸು ಮಂತ್ರಿಯಾದ ನಿರ್ಮಲಾ ಸೀತಾರಾಮನ್ 2016ರಿಂದ ರಾಜ್ಯಸಭೆಯಲ್ಲಿ ನಮ್ಮವರು. ಲೋಕಸಭೆಗೆ ನಿಲ್ಲಿ ಎಂದು ಪಕ್ಷ ಕೇಳಿದಾಗ, ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ ಎಂದು 2024ರಲ್ಲಿ ಹೇಳಿದರು. ದೇಶದ ಖಜಾನೆ ದೇಶದ್ದು, ನನ್ನದಲ್ಲ ಎಂದೂ ಹೇಳಿದರು. (ಈ ಮಾತನ್ನು ಬಾಯಿಪಾಠ ಮಾಡಬೇಕಾದ ಮಂತ್ರಿಗಳು ಎಲ್ಲ ಪಕ್ಷದಲ್ಲೂ ಇದ್ದಾರೆ.)

‘ನಮ್ಮವರು’ ದಿಲ್ಲಿಯಲ್ಲಿದ್ದದ್ದರ ಲಾಭ? 15ನೇ ಹಣಕಾಸು ಆಯೋಗ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿತು. ಕೆಡವಿದ ಆಯೋಗಕ್ಕೇ ಕನಿಕರ ಬಂದು, 5,495 ಕೋಟಿ ವಿಶೇಷ ಅನುದಾನ ಕೊಡಿ ಎಂದಿತು. ಹಣಕಾಸು ಸಚಿವಾಲಯ ಒಪ್ಪಲಿಲ್ಲ. ನಿಷ್ಪಕ್ಷಪಾತ ಅಂದರೆ ಇದು! ಸ್ವಂತ ರಾಜ್ಯಕ್ಕೆ ಒಲಿದರು ಎಂಬ ಅಪವಾದ ಯಾರೂ ಹೊರಿಸುವಂತಿಲ್ಲ.

2019ರ ಡಿಸೆಂಬರ್‌ನಲ್ಲಿ ಉಳ್ಳಾಗಡ್ಡಿ ಕಿಲೋಗೆ ನೂರು ದಾಟಿತ್ತು. ಉಣಕಲ್ಲಿನಾಚೆ ಅಮರಗೋಳದ ಎಪಿಎಂಸಿಯಲ್ಲಿ ಚೀಲ ಬಿಚ್ಚಿ ಬೊಗಸೆಯಷ್ಟು ನೆಲಕ್ಕೆ ಸುರಿದು, ಗಡ್ಡೆ ಹಿಚುಕಿ, ಸಿಪ್ಪೆ ಊದಿ ದರ ಕೂಗುತ್ತಿದ್ದರು. ಲೋಕಸಭೆಯಲ್ಲಿ ಸದಸ್ಯರೊಬ್ಬರು ಕೆಣಕಿದ್ದಕ್ಕೆ ಸಚಿವೆ, ನಾನು ಈರುಳ್ಳಿ, ಬೆಳ್ಳುಳ್ಳಿ ಅಷ್ಟಾಗಿ ತಿನ್ನುವವಳಲ್ಲ, ನಮ್ಮ ಮನೆತನವೇ ಹಾಗೆ ಎಂದರು. ಬೇಡಿಕೆ ತಗ್ಗಿದರೆ ಬೆಲೆ ತಗ್ಗುತ್ತದೆ ಎಂಬ ಮೊದಲ ಪಾಠ ಅವರು ಮರೆತಿರಲಿಲ್ಲ.

ಆ ವಾರ ಉಣಕಲ್ ಕೆರೆ ದಂಡೆಯ ಗಿರಮಿಟ್ಟಿನ ಗಾಡಿಯವ ಚುರುಮುರಿಗೆ ಎಲೆಕೋಸು ಹೆಚ್ಚಿ ಹಾಕಿ ಕೊಡುತ್ತಿದ್ದ.

‘ಉಳ್ಳಾಗಡ್ಡಿ ಎಲ್ಲೋ?’ ಅಂದವರಿಗೆ ಒಂದೇ ಉತ್ತರ: ‘ನಮ್ಮ ಎಂಪಿಯವ್ರು ತಿನ್ನಂಗಿಲ್ರೀ.’