ಕೊಟೇಶನ್ ರಾಯರು

‘ಎಷ್ಟು ಕೊಟ್ರಿ?’

ಬೆಂಗಳೂರಿನ ಉತ್ತರದ ಬಡಾವಣೆಗಳಲ್ಲಿ ಮನೆಗೆ ಏನಾದರೂ ಹೊಸದು ಹಾಕಿಸಿದವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಕಿಟಕಿಗೆ ಸೊಳ್ಳೆ ಜಾಲರಿಯೋ, ಅಡುಗೆಮನೆಗೆ ಸಿಂಕೋ ದೊಡ್ಡ ಮಾತಾಯಿತು. ಬಚ್ಚಲ ಬಾಗಿಲಿಗೆ ಒಂದು ಚಿಲಕ ಹೊಡೆಸಿ ನೋಡಿ, ಸುತ್ತಿಗೆ ಸದ್ದು ನಿಲ್ಲುವಷ್ಟರಲ್ಲಿ ಗೇಟಿನ ಹತ್ತಿರ ಒಬ್ಬರು ನಿಂತಿರುತ್ತಾರೆ. ಚಿಲಕ ಗಟ್ಟಿಯೋ, ಬಾಗಿಲು ಸರಿಯಾಗಿ ಕೂರುತ್ತದೋ, ಅದೆಲ್ಲ ಅವರಿಗೆ ಬೇಕಿಲ್ಲ. ಕೊಟ್ಟದ್ದೆಷ್ಟು, ಅಷ್ಟೆ. ನೀವು ಯಾವ ಅಂಕಿ ಹೇಳಿದರೂ ಅವರ ಮುಖದಲ್ಲಿ ಸೂತಕದ ಮನೆಗೆ ಮಾತಾಡಿಸಲು ಬಂದವರ ಕಳೆ ಮೂಡುತ್ತದೆ. ‘ಛೆ ಛೆ ಛೆ… ನನ್ನನ್ನೊಂದು ಮಾತು ಕೇಳಬಾರದಿತ್ತೇ?’

ಇಂಥವರು ಯಲಹಂಕ ಉಪನಗರದಲ್ಲಿದ್ದಾರೆ, ಸಹಕಾರನಗರದಲ್ಲಿದ್ದಾರೆ, ಮತ್ತಿಕೆರೆಯಲ್ಲಿದ್ದಾರೆ, ಆರ್.ಟಿ. ನಗರದಲ್ಲಂತೂ ಕ್ರಾಸಿಗೊಬ್ಬರಿದ್ದಾರೆ. ಬಿಡಿಎಯವರು, ಹೌಸಿಂಗ್ ಬೋರ್ಡಿನವರು ಸೈಟು ಹಂಚುವಾಗ ಇವರನ್ನೂ ಲಾಟರಿ ಎತ್ತಿ ಹಂಚಿದರೋ ಏನೋ. ನಮ್ಮ ಬೀದಿಯ ಪಾಲಿಗೆ ಬಂದವರಿಗೆ ಕೊಟೇಶನ್ ರಾಯರು ಎಂದು ಹೆಸರು. ಎದುರಿಗೆ ಬರೀ ‘ರಾಯರೇ’. ಅವರು ತಿರುವು ದಾಟಿದ ಮೇಲೆ ಪೂರ್ತಿ ಹೆಸರು.

ಹೆಸರು ಸುಮ್ಮನೆ ಬಂದದ್ದಲ್ಲ. ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಪರ್ಚೇಸ್ ಸೆಕ್ಷನ್ನಿನಲ್ಲಿ ತಲೆ ನರೆಯುವವರೆಗೆ ಕೂತಿದ್ದವರು ಅವರು. ಮೂರು ಕೊಟೇಶನ್ ಇಲ್ಲದೆ ಅಲ್ಲಿಗೆ ಒಂದು ಗುಂಡುಸೂಜಿಯೂ ಬರುವಂತಿರಲಿಲ್ಲ. ಮೂರನ್ನೂ ಅಕ್ಕಪಕ್ಕ ಬರೆದು ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಮಾಡಬೇಕು. ಎಲ್ಲರಿಗಿಂತ ಕಡಿಮೆ ಹಾಕಿದವನು ಎಲ್-ಒನ್. ಅವನನ್ನು ಬಿಟ್ಟು ಬೇರೆಯವನಿಗೆ ಆರ್ಡರ್ ಕೊಟ್ಟರೆ ಆಡಿಟ್‌ನವರು ಬಂದು ಕೂರುತ್ತಾರೆ. ಅರವತ್ತಕ್ಕೆ ಕಾರ್ಖಾನೆ ರಾಯರನ್ನು ಬಿಟ್ಟಿತು. ರಾಯರು ಎಲ್-ಒನ್ನನ್ನು ಬಿಡಲಿಲ್ಲ. ಆಡಿಟ್ ಮಾಡಲು ಈಗ ಬೀದಿಯೇ ಇದೆ.

ಅವರ ಕಂಕುಳಲ್ಲಿ ಸದಾ ನೀಲಿ ರಟ್ಟಿನ ಒಂದು ಉದ್ದ ನೋಟ್‌ಬುಕ್ಕು. ಅದರಲ್ಲಿ ಗೆರೆ ಎಳೆದ ಕಾಲಮ್ಮುಗಳು: ಎಂಆರ್‌ಪಿ, ಡಿಸ್ಕೌಂಟು, ಜಿಎಸ್‌ಟಿ ಸೇರಿಯೋ ಬಿಟ್ಟೋ, ಲಗೇಜ್ ಆಟೊ, ಇಳಿಸುವ ಕೂಲಿ. ಕೊನೆಯದು ‘ಸರ್ವೀಸು’. ಅದರೊಳಗೆ ಮತ್ತೆ ಮೂರು ಸಣ್ಣ ಕಾಲಮ್ಮು: ಕುರ್ಚಿ, ನೀರು, ಕಾಫಿ. ಬಳ್ಳಾರಿ ರಸ್ತೆಯ ಒಂದು ಟೈಲ್ಸ್ ಶೋರೂಮಿನ ಎದುರಿಗೆ ಹೀಗೆ ಬರೆದಿದ್ದಾರೆ: ‘ಕುರ್ಚಿ ಮೆತ್ತಗಿದೆ. ನೀರು ಕೇಳುವ ಮುಂಚೆ ಕೊಟ್ಟರು. ಕಾಫಿ ಮೆಷಿನ್ನಿನದು. ಚದರಡಿಗೆ ಎರಡು ರೂಪಾಯಿ ಹೆಚ್ಚು.’ ಆ ಎರಡು ರೂಪಾಯಿ ಕಾಫಿಯದೇ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಅದೇ ಶೋರೂಮಿನಲ್ಲಿ ಟೇಪು ಹಿಡಿದು ಅವರು ಇನ್ನೊಂದು ಸತ್ಯವನ್ನೂ ಹೊರಗೆಳೆದರು. ಎರಡಡಿಗೆ ಎರಡಡಿ ಎಂದು ಮಾರುವ ಟೈಲು ನಿಜವಾಗಿ 600 ಮಿಲಿಮೀಟರು. ಎರಡಡಿಗೆ ಹತ್ತು ಮಿಲಿಮೀಟರಿನಷ್ಟು ಕಮ್ಮಿ. ನಾಲ್ಕು ಟೈಲಿನ ಡಬ್ಬಕ್ಕೆ ಹದಿನಾರು ಚದರಡಿ ಎಂದು ಬಾಯಲ್ಲಿ ಹೇಳುತ್ತಾರೆ, ನೆಲದ ಮೇಲೆ ಬೀಳುವುದು ಹದಿನೈದೂವರೆ. ‘ಅರ್ಧ ಅಡಿ ಎಲ್ಲಿ ಹೋಯ್ತು?’ ಎಂದು ರಾಯರು ಕೇಳಿದ್ದಕ್ಕೆ ಸೇಲ್ಸ್ ಹುಡುಗ ಇನ್ನೊಂದು ಲೋಟ ಕಾಫಿ ತಂದುಕೊಟ್ಟನಂತೆ.

ರಾಯರ ಭೂಗೋಳದಲ್ಲಿ ಬೆಂಗಳೂರಿಗೆ ನಾಲ್ಕು ಸೀಮೆ. ಒಂದು, ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿ. ಎರಡು, ಹೆಬ್ಬಾಳದಾಚೆಯ ಬಳ್ಳಾರಿ ರಸ್ತೆ ಮತ್ತು ಯಶವಂತಪುರದಾಚೆಯ ತುಮಕೂರು ರಸ್ತೆಗಳ ಗಾಜಿನ ಶೋರೂಮುಗಳು. ಮೂರು, ಪೇಟೆ: ಬೋಲ್ಟು, ಪೈಪು, ಡ್ರಿಲ್ಲಿಂಗ್ ಮಿಷನ್ನಿಗೆ ಎಸ್‌ಜೆಪಿ ರಸ್ತೆ, ವೈರು, ಸ್ವಿಚ್ಚಿಗೆ ಬಿವಿಕೆ ಅಯ್ಯಂಗಾರ್ ರಸ್ತೆ. ನಾಲ್ಕು, ನಾಗಸಂದ್ರದ ಐಕಿಯಾ. ಮೆಟ್ರೊದ ಹಸಿರು ಮಾರ್ಗವನ್ನು ತಮ್ಮ ಅನುಕೂಲ ನೋಡಿಯೇ ಹಾಕಿದ್ದಾರೆ ಎಂಬುದು ಅವರ ನಂಬಿಕೆ. ಯಶವಂತಪುರದಲ್ಲಿ ಹತ್ತಿ ಈ ಕಡೆ ಹೋದರೆ ಚಿಕ್ಕಪೇಟೆ, ಆ ಕಡೆ ಹೋದರೆ ನಾಗಸಂದ್ರ; ಒಂದೇ ದಿನದಲ್ಲಿ ಹೋಲ್‌ಸೇಲ್ ರೇಟೂ ಬೋರ್ಡ್ ರೇಟೂ ಕೈಗೆ ಸಿಗುತ್ತವೆ. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು ನೋಡಿ, ಅವರ ಸ್ಟೇಟ್‌ಮೆಂಟಿನ ಲೆಕ್ಕವೆಲ್ಲ ತಲೆಕೆಳಗಾಯಿತು. ಈಗ ಬಿಎಂಟಿಸಿಯೇ ಗತಿ. ಅದೂ ಹೆಂಡತಿಯನ್ನು ಜೊತೆಗೆ ಹೊರಡಿಸಿಕೊಂಡು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಟಿಕೆಟ್ಟಿಲ್ಲ. ಇವರದೊಂದೇ ಟಿಕೆಟ್ಟು, ಇಬ್ಬರಿಗೆ ಹಂಚಿದರೆ ತಲೆಗೆ ಅರ್ಧ. ‘ಒಬ್ಬನೇ ಹೋದ್ರೆ ಪೂರ್ತಿ ಬೀಳುತ್ತೆ, ಲಾಸು’ ಎನ್ನುತ್ತಾರೆ. ‘ನಾನು ಬರದಿದ್ರೆ ಇವರು ಮನೇಲೇ ಇರ್ತಾರೆ, ಅದಕ್ಕಿಂತ ಬಸ್ಸೇ ವಾಸಿ’ ಎಂದು ಆಕೆ ನಮ್ಮ ಮನೆಯವಳ ಹತ್ತಿರ ಹೇಳಿದ್ದುಂಟು.

ನಾಲ್ಕು ಸೀಮೆಗಳಲ್ಲಿ ರಾಯರನ್ನು ಸೋಲಿಸಿದ್ದು ಐಕಿಯಾ ಒಂದೇ. 2022ರ ಜೂನ್‌ನಲ್ಲಿ ಅದು ಬಾಗಿಲು ತೆರೆದಾಗ ಊರಿಗೆ ಊರೇ ಹೋಗಿ ಸಾಲು ನಿಂತಿತು. ರಾಯರೂ ನಿಂತರು. ಒಳಗೆ ಬಾಣದ ಗುರುತು ಹಿಡಿದು ನಡೆದರು, ಮಾದರಿ ಮನೆಗಳ ಸೋಫಾಗಳ ಮೇಲೆಲ್ಲ ಕೂತೆದ್ದರು, ಬಿಟ್ಟಿ ಕೊಡುವ ಕಾಗದದ ಟೇಪಿನಲ್ಲಿ ಕಪಾಟುಗಳ ಅಳತೆ ತೆಗೆದು ಮೋಟು ಪೆನ್ಸಿಲಿನಲ್ಲಿ ಬರೆದುಕೊಂಡರು. ಕೊನೆಗೆ ರೇಟು ಮಾತಾಡೋಣ ಎಂದು ನೋಡಿದರೆ ಮಾತಾಡಲು ಯಾರೂ ಇಲ್ಲ! ಎಲ್ಲದಕ್ಕೂ ಚೀಟಿ ಅಂಟಿಸಿದ್ದಾರೆ. ಚೀಟಿಗೆ ‘ಕೊನೇ ರೇಟು ಹೇಳಿ’ ಎಂದರೆ ಅದು ಹೇಳುತ್ತದೆಯೇ? ಸಿಕ್ಕ ಒಬ್ಬ ಹುಡುಗಿಯನ್ನು ನಿಲ್ಲಿಸಿ, ‘ಅಲ್ಲಮ್ಮ, ಇದನ್ನ ಮನೆಗೆ ತಗೊಂಡು ಹೋಗಿ ನಾವೇ ಜೋಡಿಸ್ಕೋಬೇಕಂತೆ. ಹಂಗಾದ್ರೆ ಕಾರ್ಪೆಂಟರ್ ಕೂಲಿ ಕಳೆದು ಎಷ್ಟಾಗುತ್ತೆ?’ ಎಂದು ಕೇಳಿದರು. ಕೂಲಿ ಕಳೆದೇ ಆ ಬೆಲೆ ಹಾಕಿರುವುದು ಎಂದು ಆಕೆ ನಗುತ್ತಲೇ ವಿವರಿಸಿದಳು. ಅಷ್ಟು ವಿನಯದಿಂದ ಅವರನ್ನು ಯಾರೂ ಸೋಲಿಸಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಪುಟಕ್ಕೆ ಮೇಲಿಂದ ಕೆಳಗೆ ಒಂದೇ ಗೆರೆ ಎಳೆದು ‘ನಾನ್-ರೆಸ್ಪಾನ್ಸಿವ್’ ಎಂದು ಷರಾ ಬರೆದಿದ್ದಾರೆ.

ಅವರ ನಿಜವಾದ ವೈಭವ ನೋಡಬೇಕಾದರೆ ಸ್ಯಾನಿಟರಿ ಅಂಗಡಿಗೆ ಜೊತೆಯಲ್ಲಿ ಹೋಗಬೇಕು. ಬೇಕಾಗಿರುವುದು ಅರ್ಧ ಇಂಚಿನ ಒಂದು ನಲ್ಲಿ. ರಾಯರು ಎರಡು ಕಂಪನಿಯವನ್ನು ಎರಡು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಹಿತ್ತಾಳೆ ದಪ್ಪಗಿದ್ದರೆ ತೂಕ ಬರುತ್ತದೆ, ಒಳಗೆ ಸವರಿಬಿಟ್ಟಿದ್ದರೆ ಹಗುರ. ಮೇಲಿನ ಹೊಳಪು ಎರಡಕ್ಕೂ ಒಂದೇ. ಇಷ್ಟರ ಮಟ್ಟಿಗೆ ಅವರು ಹೇಳುವುದು ಅಕ್ಷರಶಃ ನಿಜ. ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತದ ತುಂಡು ಹೊರಬರುತ್ತದೆ. ಸ್ಟೀಲ್ ಕೀಲುಗಳಿಗೆ, ಟವೆಲ್ ಕಂಬಿಗೆ ಅದನ್ನು ತಾಗಿಸಿ, ‘ಅಂಟಲಿಲ್ಲ, ನೋಡಿ. 304 ಸ್ಟೀಲು’ ಎಂದು ಘೋಷಿಸುತ್ತಾರೆ. ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ಅಂಗಡಿಯವನಿಗೆ ಗೊತ್ತು. ಅವನು ಹೇಳುವುದಿಲ್ಲ. ಇಂಥ ಗಿರಾಕಿಯ ಒಂದಾದರೂ ನಂಬಿಕೆ ಉಳಿಯಲಿ ಎಂಬ ದೊಡ್ಡ ಮನಸ್ಸು.

‘ಎಷ್ಟು ಬಿಡ್ತೀಯಪ್ಪ?’

‘30 ಪ್ಲಸ್ 10 ಸಾರ್. ನಲವತ್ತು ಪರ್ಸೆಂಟು!’

ಇದಕ್ಕೇ ಕಾಯುತ್ತಿದ್ದರು. ಕುರ್ಚಿ ಎಳೆದು ಕೂತರು. ‘ಸಾವಿರ ರೂಪಾಯಿ ಮಾಲು ಅಂತಿಟ್ಕೋ. ಮೂವತ್ತು ಹೋದ್ರೆ ಏಳುನೂರು. ಹತ್ತು ಪರ್ಸೆಂಟು ಹೊಡೆಯೋದು ಯಾವುದರ ಮೇಲೆ? ಏಳುನೂರರ ಮೇಲೆ. ಎಪ್ಪತ್ತು ಹೋಗಿ ಆರುನೂರ ಮೂವತ್ತು. ನೀನು ಬಿಟ್ಟಿದ್ದು ಮೂವತ್ತೇಳು ಪರ್ಸೆಂಟು ಕಣಯ್ಯಾ. ಮೂರು ಪರ್ಸೆಂಟು ಗಾಳೀಲಿ ಬಿಟ್ಟೆ.’

ಹುಡುಗ ಮಾಲೀಕರನ್ನು ಕರೆದ. ಮಾಲೀಕರು ಬಂದರು, ಲೆಕ್ಕ ಕೇಳಿದರು, ಸುತ್ತ ನಿಂತ ಬೇರೆ ಗಿರಾಕಿಗಳೂ ಕಿವಿ ನಿಮಿರಿಸಿದ್ದನ್ನು ಕಂಡರು. ಮೊದಲು ಇವರನ್ನು ಸಾಗಹಾಕಿದರೆ ಸಾಕೆಂದು, ‘ಬಿಡಿ ಸಾರ್, ನಿಮಗೆ ಫ್ಲಾಟ್ ನಲವತ್ತು. ಬಿಲ್ ಹಾಕಿಸ್ಲಾ?’ ಎಂದರು.

ರಾಯರು ನಿಧಾನವಾಗಿ ನೋಟ್‌ಬುಕ್ಕು ಮುಚ್ಚಿದರು. ‘ಇಲ್ಲಪ್ಪ, ಇದು ಬಜೆಟರಿ ಕೊಟೇಶನ್. ಇನ್ನೂ ಎರಡು ಕಡೆ ತಗೋಬೇಕು.’ ಹಿಂದೆ ನಿಂತಿದ್ದ ಗಿರಾಕಿಗಳೆಲ್ಲ ಅಂದು ಫ್ಲಾಟ್ ನಲವತ್ತು ಕೇಳಿ ಪಡೆದರೆಂದು ಸುದ್ದಿ.

ಕೊಳ್ಳುವುದೇ ಇಲ್ಲದ ವಸ್ತುವಿಗೂ ಅವರು ರೇಟು ಕೇಳಬಲ್ಲರು. ಸಿಮೆಂಟಿನ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಆ ಬೆಳಗ್ಗೆ ಕಾಫಿಯನ್ನೂ ಪೂರ್ತಿ ಕುಡಿಯದೆ ಡಿಪೋ ಮುಂದೆ ನಿಂತರು. ‘ಹಳೇ ಸ್ಟಾಕು ಸಾರ್, ಹೊಸದು ಬರ್ಲಿ’ ಎಂಬ ಉತ್ತರ ಬಂತು. ರಾಯರು ತೆರಿಗೆ, ರಾಜ್ಯ, ಕೇಂದ್ರ ಎಲ್ಲವನ್ನೂ ಎತ್ತಿ ಅರ್ಧ ಗಂಟೆ ವಾದ ಮಾಡಿದರು. ಕೊನೆಗೆ ಡಿಪೋದವನು ಬೇಸತ್ತು, ‘ಆಯ್ತು, ಹೊಸ ರೇಟಿಗೇ ಕೊಡ್ತೀನಿ. ಎಷ್ಟು ಮೂಟೆ?’ ಎಂದ. ಮನೆ ಕಟ್ಟಿ ಕಾಲು ಶತಮಾನ ಕಳೆದ ರಾಯರು, ‘ಮೂಟೆ ಬೇಡ, ರೇಟು ಸಾಕು’ ಎಂದು ಬಂದರು.

ಬಣ್ಣದ ವಿಷಯದಲ್ಲಿ ಮಾತ್ರ ಅವರ ವಿದ್ಯೆ ಸ್ವಲ್ಪ ದುಬಾರಿಯಾಯಿತು. ಪೇಂಟು ಬಕೆಟ್ಟಿನೊಳಗೆ ಪೇಂಟರಿಗಾಗಿ ಕಂಪನಿಗಳು ಟೋಕನ್ ಇಟ್ಟಿರುತ್ತವೆ, ಆತ ‘ಈ ಕಂಪನಿದೇ ತನ್ನಿ’ ಎನ್ನುವುದರ ಹಿಂದೆ ಅದರ ಆಸೆಯೂ ಇರುತ್ತದೆ ಎಂಬ ಗುಟ್ಟು ರಾಯರಿಗೆ ಎಸ್‌ಜೆಪಿ ರಸ್ತೆಯಲ್ಲಿ ತಿಳಿಯಿತು. ಪೇಂಟರು ಬರುವ ಮುಂಚೆ ಬೆಳಗಿನ ಜಾವ ಎದ್ದು, ಸ್ಕ್ರೂಡ್ರೈವರಿನಲ್ಲಿ ಮುಚ್ಚಳ ಮೀಟಿ, ಅಷ್ಟೂ ಟೋಕನ್ನುಗಳನ್ನು ಹೆಕ್ಕಿ ತೊಳೆದು ಕಿಟಕಿಯ ಮೇಲೆ ಒಣಗಲು ಹಾಕಿದರು. ಪೇಂಟರು ಬಂದ, ಬಕೆಟ್ಟು ನೋಡಿದ, ಕಿಟಕಿ ನೋಡಿದ, ರಾಯರ ಮೊಣಕೈವರೆಗೆ ಹತ್ತಿದ್ದ ತಿಳಿ ಹಳದಿಯನ್ನೂ ನೋಡಿದ. ‘ಟೋಕನ್ ತಮ್ಮ ಹತ್ರಾನೇ ಇರ್ಲಿ ಸಾರ್. ಬ್ರಷ್ಷೂ ತಾವೇ ಹಿಡ್ಕೊಳ್ಳಿ’ ಎಂದು ಏಣಿ ಮಡಚಿದ. ಸಂಧಾನವಾಗುವ ಹೊತ್ತಿಗೆ ಕೂಲಿ ಚದರಡಿಗೆ ಒಂದು ರೂಪಾಯಿ ಏರಿತ್ತು. ಟೋಕನ್ನುಗಳು ಹೇಗೂ ಹೋದವು.

ಇಷ್ಟೆಲ್ಲ ಸುತ್ತಿ ರಾಯರು ಕೊನೆಗೆ ಸಾಮಾನು ತರುವುದು ಎಲ್ಲಿಂದ? ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಿಂದಲೇ. ಹೊರಗೆ ಪಿವಿಸಿ ಪೈಪುಗಳನ್ನು ಗೋಡೆಗೆ ಒರಗಿಸಿ, ಬಕೆಟ್ಟುಗಳನ್ನು ತೂಗುಹಾಕಿರುವ ಹತ್ತಡಿ ಅಗಲದ ಜಾಗ. ಕೂರಲು ಸ್ಟೂಲೂ ಇಲ್ಲ. ನೀರು ಕೇಳಿದರೆ ಕ್ಯೂರಿಂಗ್ ಪೈಪು ತೋರಿಸಿಯಾರು. ನೋಟ್‌ಬುಕ್ಕಿನ ಸರ್ವೀಸ್ ಕಾಲಮ್ಮಿನಲ್ಲಿ ಆ ಅಂಗಡಿಗೆ ಮೂರು ಸೊನ್ನೆ. ಆದರೆ ನಮ್ಮ ಬೀದಿಯ ಯಾವ ಮನೆಯ ಗೋಡೆಯೊಳಗೆ ಮುಕ್ಕಾಲು ಇಂಚಿನ ಪೈಪು ಹೋಗಿದೆ, ಯಾವ ಮನೆಯದು ಒಂದಿಂಚು ಎನ್ನುವುದು ಆ ಅಂಗಡಿ ಶೆಟ್ಟರ ತಲೆಯಲ್ಲಿದೆ. ‘ಅದೇರೀ, ಕರ್ರಗಿರುತ್ತಲ್ಲ, ಹಿಂಗೆ ತಿರುಗೋದು’ ಎಂದು ಬೆರಳು ತಿರುಗಿಸಿದರೆ ಸಾಕು, ಹಿಂದಿನ ಡಬ್ಬದಿಂದ ಅದನ್ನೇ ತೆಗೆದು ಮುಂದಿಡುತ್ತಾರೆ. ವಾಷರು ಸರಿಹೋಗದಿದ್ದರೆ ಬಿಲ್ಲು ಕೇಳದೆ ಬದಲಿಸುತ್ತಾರೆ. ಒಂದು ಭಾನುವಾರ ರಾತ್ರಿ ರಾಯರ ಟ್ಯಾಂಕಿನ ವಾಲ್ವು ಕಿತ್ತುಕೊಂಡು ಕಾವೇರಿ ನೀರೆಲ್ಲ ಬೀದಿಗೆ ಹರಿಯತೊಡಗಿದಾಗ, ಅರ್ಧ ಶಟರ್ ಎತ್ತಿ ವಾಲ್ವು ಕೊಟ್ಟದ್ದಲ್ಲದೆ, ಟೆಫ್ಲಾನ್ ಟೇಪು ಸುತ್ತುವುದು ಯಾವ ದಿಕ್ಕಿಗೆ ಎಂದು ಟಾರ್ಚು ಹಿಡಿದು ಹೇಳಿಕೊಟ್ಟವರೂ ಶೆಟ್ಟರೇ. ಅದನ್ನು ಯಾವ ಕಾಲಮ್ಮಿಗೆ ಬರೆಯುವುದು ಎಂದು ತಿಳಿಯದೆ ರಾಯರು ಬರೆಯದೆ ಬಿಟ್ಟರು. ಮಾರನೆಯ ದಿನ ಮಾತ್ರ ಯಥಾಪ್ರಕಾರ ಹೋಗಿ, ‘ಅದೇ ವಾಲ್ವು ಪೇಟೇಲಿ ಇಪ್ಪತ್ತು ರೂಪಾಯಿ ಕಮ್ಮಿ, ಶೆಟ್ಟರೇ’ ಎಂದು ತಿಳಿಸಿ ಬಂದರು.

ಶೆಟ್ಟರು ಬೇಜಾರು ಮಾಡಿಕೊಳ್ಳುವವರಲ್ಲ. ಅವರಿಗೆ ಅಂಗಡಿ ಬಿಟ್ಟು ಏಳಲು ಪುರಸೊತ್ತಿಲ್ಲ. ಉಳಿದ ಮೂರು ಸೀಮೆಯ ರೇಟು ತಾನಾಗಿ ನಡೆದು ಬಂದು ಕೌಂಟರಿಗೆ ಒರಗಿ ನಿಲ್ಲುತ್ತದೆ. ‘ಯಲಹಂಕದಲ್ಲಿ ಏನು ನಡೀತಿದೆ ಸಾರ್ ಈ ಬಲ್ಬು?’ ಎಂದು ಸುಮ್ಮನೆ ಕೆದಕುತ್ತಾರೆ. ರಾಯರು ನೋಟ್‌ಬುಕ್ಕು ಬಿಡಿಸಿ, ಕನ್ನಡಕ ಏರಿಸಿ, ಒಂದೊಂದೇ ಓದುತ್ತಾರೆ. ತಮ್ಮದಕ್ಕಿಂತ ಕಮ್ಮಿ ಇದ್ದ ಕಡೆ ಶೆಟ್ಟರಿಗೆ ಕಿವಿ ಸ್ವಲ್ಪ ಮಂದ. ಹೆಚ್ಚಿದ್ದ ಕಡೆ, ‘ಏನಂದ್ರಿ ಸಾರ್? ಇನ್ನೊಂದ್ಸಲ ಹೇಳಿ’ ಎಂದು ಪೆನ್ನು ತೆಗೆಯುತ್ತಾರೆ. ಹೀಗೆ ರಾಯರು ಓದಿದ ವಾರದೊಳಗೆ ನಮ್ಮ ಬೀದಿಯಲ್ಲಿ ಬಲ್ಬಿಗೆ ಐದು, ನಲ್ಲಿಗೆ ಮೂವತ್ತು, ಪೈಪಿನ ಉದ್ದಕ್ಕೆ ಹತ್ತು ರೂಪಾಯಿ ಏರಿದೆ.

ಬೀದಿಯ ನಾಲ್ಕು ಜನ ಸೇರಿ ಇದನ್ನು ರಾಯರ ಗಮನಕ್ಕೆ ತಂದೆವು. ನೀವು ಊರೆಲ್ಲ ಸುತ್ತಿ ರೇಟು ತಂದದ್ದರಿಂದ ನಮಗೆಲ್ಲ ಹೆಚ್ಚಿಗೆ ಬೀಳುತ್ತಿದೆ, ನಿಮಗೂ ಸೇರಿಸಿ, ಎಂದೆವು. ಅವರು ತಲೆ ತಗ್ಗಿಸುತ್ತಾರೆ ಅಂದುಕೊಂಡರೆ ಎದೆ ಉಬ್ಬಿಸಿಕೊಂಡು ನಿಂತರು.

‘ನೋಡಿದ್ರಾ? ಶೆಟ್ಟರು ರೇಟು ಹಾಕೋದೇ ನನ್ನ ಸ್ಟೇಟ್‌ಮೆಂಟ್ ನೋಡಿ!’