ಮದ್ಯಮಿಶ್ರಣ ವಿದ್ಯೆಯ ಜಲಮೂಲ: ಒಂದು ತಾತ್ವಿಕ ವಿವೇಚನೆ

ಬಾರ್‌ಟೆಂಡಿಂಗ್ ಎಂಬುದು ಮದ್ಯಕ್ಕೆ ಸಂಬಂಧಿಸಿದ ವಿದ್ಯೆ ಎಂಬ ಭ್ರಮೆ ವಿದ್ವದ್ವಲಯದಲ್ಲೂ ಕಲಿಯಹೊರಟ ಹುಡುಗನ ಅಜ್ಜಿಯಲ್ಲೂ ಸಮಾನವಾಗಿ ಬೇರೂರಿದೆ. ಅದು ಆಮೂಲಾಗ್ರವಾಗಿ ನೀರಿನ ವಿದ್ಯೆ ಎಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಗ್ರಂಥಾಧಾರ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಓದುಗರ ಪ್ರಶ್ನೆಗೆ ಉತ್ತರಿಸುತ್ತ ಕಾಕ್‌ಟೇಲ್ ಎಂದರೇನೆಂದು ವಿವರಿಸಿತು: ಮದ್ಯ, ಸಕ್ಕರೆ, ನೀರು, ಬಿಟರ್ಸ್. ನೀರನ್ನು ಮೂರನೆಯ ಸ್ಥಾನಕ್ಕೆ ತಳ್ಳಿದ್ದು ಸಂಪಾದಕರ ಅಚಾತುರ್ಯವೆಂದೇ ನಮ್ಮ ಮತ. 1862ರಲ್ಲಿ ಜೆರ್ರಿ ಥಾಮಸ್ ಎಂಬ ಆಚಾರ್ಯರು ಈ ದೋಷವನ್ನು ತಿದ್ದಿದರು. ಅವರ ಕೈಪಿಡಿಯ ‘ಬ್ಲೂ ಬ್ಲೇಜರ್’ ಪ್ರಯೋಗದಲ್ಲಿ ಸ್ಕಾಚ್‌ಗೆ ಕುದಿಯುವ ನೀರು ಸೇರಿಸಿ, ಬೆಂಕಿ ಹಚ್ಚಿ, ಉರಿಯುತ್ತಿರುವಾಗಲೇ ಒಂದು ಮಗ್ಗಿನಿಂದ ಇನ್ನೊಂದಕ್ಕೆ ನಮ್ಮ ಹೋಟೆಲಿನ ಕಾಫಿಯಂತೆ ಎತ್ತಿ ಹೊಯ್ಯಬೇಕು. ಹೊಸಬರು ಕೈ ಸುಟ್ಟುಕೊಳ್ಳದಿರಲು ಕೆಲಕಾಲ ತಣ್ಣೀರಿನಲ್ಲೇ ಸಾಧನೆ ಮಾಡತಕ್ಕದ್ದು ಎಂಬ ಅವರ ವಿಧಿಯೇ ಈ ಶಾಸ್ತ್ರದ ಪ್ರಥಮ ಸೂತ್ರ.

ಸೂತ್ರ ಇವತ್ತಿಗೂ ಊರ್ಜಿತ. ಬೆಂಗಳೂರಿನಲ್ಲಿ ಫೀಸು ಕಟ್ಟಿ, ವಿಸ್ಕಿಯ ಘಮಕ್ಕೆ ಮೂಗು ಸಜ್ಜುಮಾಡಿಕೊಂಡು ಬಂದ ವಟುವಿನ ಕೈಗೆ ಸಿಗುವುದು ನಲ್ಲಿನೀರು ತುಂಬಿದ ಹಳೇ ಬಾಟಲಿ. ಅದರ ಬಾಯಿಗೆ ಪೋರರ್ ಸಿಕ್ಕಿಸಿ, ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸುತ್ತ ಸುರಿಯಬೇಕು. ಪೆಗ್ ಮೆಷರ್‌ನಲ್ಲಿ ಅಳೆದಾಗ ಸ್ಮಾಲಿಗೆ ಸರಿಯಾಗಿ 30 ಮಿ.ಲೀ., ಲಾರ್ಜಿಗೆ 60 ಬರಬೇಕು. 35 ಬಂದರೆ ಮಾಲೀಕ ಕೆಟ್ಟ, 25 ಬಂದರೆ ಗಿರಾಕಿ ಎದ್ದ. ಅಳೆದ ನೀರು ಮತ್ತೆ ಬಾಟಲಿಗೇ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಸಾರಿದ ಊರಿನಲ್ಲಿ ಇದಕ್ಕಿಂತ ಸಭ್ಯ ವಿದ್ಯಾಭ್ಯಾಸ ಇನ್ನೊಂದಿಲ್ಲ.

ಮುಂದಿನದು ಶೇಕರ್ ಕಾಂಡ. ನಿಂಬೆರಸ ಇದ್ದರೆ ಕುಲುಕಬೇಕು, ಬರೀ ಮದ್ಯಗಳಾದರೆ ಚಮಚದಲ್ಲಿ ಕದಡಬೇಕು ಎಂಬಲ್ಲಿ ಮತಭೇದ ಕಡಿಮೆ (ಜೇಮ್ಸ್ ಬಾಂಡ್ ಎಂಬ ಸರ್ಕಾರಿ ನೌಕರರೊಬ್ಬರನ್ನು ಬಿಟ್ಟರೆ). ಎರಡರ ಗುಟ್ಟೂ ಒಂದೇ: ತಣ್ಣಗಾಗಿಸುವ ನೆಪದಲ್ಲಿ ಐಸ್ ಕರಗಬೇಕು. ಕುಲುಕಿ ಸೋಸಿದ ಪಾನೀಯದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೀಗೆ ಬಂದ ನೀರೇ. ಹಾಲಿಗೆ ಇಷ್ಟು ನೀರು ಬೆರೆಸಿದವನನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವ ನಾವು ಇವನಿಗೆ ಟಿಪ್ಸ್ ಕೊಡುತ್ತೇವೆ.

ಹವ್ಯಾಸಿಗಳ ಪಂಥ ಇನ್ನೂ ಕಠೋರ. ಅವರಿಗೆ ಮಬ್ಬಿಲ್ಲದ ಐಸೇ ಪರಬ್ರಹ್ಮ. ಥರ್ಮಾಕೋಲ್ ಡಬ್ಬಿಗೆ ನೀರು ತುಂಬಿ, ಮುಚ್ಚಳ ತೆಗೆದು ಫ್ರೀಜರಿನಲ್ಲಿಟ್ಟರೆ ನೀರು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಗಾಳಿಗುಳ್ಳೆಗಳನ್ನು ತಳಕ್ಕೆ ನೂಕುತ್ತದೆ. ತಳ ಗಟ್ಟಿಯಾಗುವ ಮುನ್ನ ಹೊರತೆಗೆದು ಬ್ರೆಡ್ ಕೊಯ್ಯುವ ಚಾಕುವಿನಿಂದ ತುಂಡರಿಸಬೇಕು. ಇದಕ್ಕೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಬೇಕು. ಅಷ್ಟರೊಳಗೆ ಅಮ್ಮನಿಗೆ ಹಿತಕಿದ ಅವರೆಬೇಳೆ ಇಡಲು ಜಾಗ ಬೇಕಾದರೆ ಬ್ರಹ್ಮಸಾಕ್ಷಾತ್ಕಾರ ಸಿಂಕಿನಲ್ಲಿ.

ಇಲ್ಲಿ ಪೂರ್ವಪಕ್ಷ: ‘ನೀಟ್ ಕುಡಿಯುವವರಿಗೆ ನಿಮ್ಮ ಸಿದ್ಧಾಂತ ಅನ್ವಯಿಸದು.’ ಆಕ್ಷೇಪಿಸಿದವರು ಬಾಟಲಿಯ ಲೇಬಲ್ ಓದಿಲ್ಲ. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಶೇ. 42.8, ಉಳಿದದ್ದು ಬಹುತೇಕ ನೀರು. ಒಂದೇ ಗುಟುಕಿಗೆ ನೈಂಟಿ ಏರಿಸಿ ಮೀಸೆ ತಿರುವಿದ ವೀರನು ವಸ್ತುತಃ ಸುಮಾರು 50 ಮಿ.ಲೀ. ನೀರು ಕುಡಿದಿರುತ್ತಾನೆ.

ಈ ಸಂಶೋಧನೆಯಿಂದ ಸಮಾಜಕ್ಕಾಗುವ ಉಪಯೋಗ ಮುಖ್ಯವಾಗಿ ವೈವಾಹಿಕ. ಹುಡುಗನಿಗೆ ಏನು ಕೆಲಸ ಎಂದು ಹೆಣ್ಣಿನ ಕಡೆಯವರು ಕೇಳಿದಾಗ ತಂದೆ ಇನ್ನು ಕೆಮ್ಮಬೇಕಿಲ್ಲ. ‘ನೀರಿನ ನಿರ್ವಹಣೆ’ ಎನ್ನಬಹುದು.

‘ಓ, ಜಲಮಂಡಳಿಲಾ?’

‘ಇಲ್ಲ ಸ್ವಾಮಿ, ಪ್ರೈವೇಟು. ನೈಟ್ ಶಿಫ್ಟು.’